ತೆಗೆದಿಟ್ಟ ಪಾಲು

ಕಳೆದ ಶ್ರಾವಣದಲ್ಲಿ ಕಾರವಾರದ ಮನೆಯಲ್ಲಿ ಮೂರು ದಿನ ಚಳಿಜ್ವರ ಹಿಡಿದು ಮಲಗಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಆರೋಗ್ಯ ಇಲಾಖೆಯವನೊಬ್ಬ ಸೈಕಲ್ ಮೇಲೆ ಬಂದ. ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಒರೆಸಿಕೊಂಡ. ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದ. ಚೀಲದಿಂದ ಗುಳಿಗೆ ತೆಗೆದು ನನ್ನ ಅಂಗೈಗೆ ಹಾಕಿದ. ಮಗಳು ನೀರು ತಂದಿಟ್ಟಳು. ಊಟ ಆದಮೇಲೆ ತೆಗೆದುಕೊಳ್ಳುತ್ತೇನೆ, ನೀನು ಹೊರಡು ಎಂದೆ.

"ಅದಾಗೂದಿಲ್ಲ ಅಜ್ಜಾರೆ. ನನ್ನೆದುರಿಗೇ ನುಂಗ್ಬೇಕು. ನಾ ನೋಡ್ದೆ ಹೋಗೂ ಹಂಗಿಲ್ಲ."

ನನಗೆ ಸಿಟ್ಟು ಬಂತು. ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿ, ಕಂಡವರ ಮಕ್ಕಳಿಗೆಲ್ಲ ಕೈಕಟ್ಟಿ ಕೂರಲು ಕಲಿಸಿದವನು ನಾನು. ನನ್ನ ಬಾಯಿಗೆ ಕಾವಲು ಹಾಕಲು ಇವನು ಯಾರು? ನುಂಗಿದ ಮೇಲೆ ಬೈಯಬೇಕೆಂದು ಗುಳಿಗೆಯನ್ನು ನಾಲಿಗೆಯ ಮೇಲಿಟ್ಟೆ. ಕಹಿ ಕರಗಿ ಗಂಟಲಿಗೆ ಇಳಿಯಿತು, ಬೈಗುಳ ಅಲ್ಲೇ ನಿಂತುಹೋಯಿತು. ನೀರು ಕುಡಿದೆ. ಅವನು ಕೇಳದಿದ್ದರೂ ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿದೆ. ನನ್ನ ಕಣ್ಣಲ್ಲಿ ನೀರು ಕಂಡು, "ಕಹಿ ಜಾಸ್ತಿ ಅಲ್ಲಾ?" ಎಂದ. ಹೌದೆಂದೆ. ದೇವಮ್ಮನ ಸುದ್ದಿ ಹೇಳುವಷ್ಟು ಉಸಿರು ಆಗ ನನ್ನಲ್ಲಿರಲಿಲ್ಲ. ಈಗ ಜ್ವರ ಬಿಟ್ಟಿದೆ, ಬರೆಯುತ್ತಿದ್ದೇನೆ.

ದೇವಮ್ಮನ ಊರಿಗೆ ಹೋದಾಗ, ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ, ನನಗೆ ಇಪ್ಪತ್ತಮೂರು ವರ್ಷ. ಹುಟ್ಟಿದ್ದು ಅರ್ಗಾದಲ್ಲಿ. ಕಾರವಾರದಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸು ಮಾಡಿ ಮಾಸ್ತರಿಕೆಗೆ ಸೇರಿದ್ದೆ. ನನ್ನನ್ನು ಕದ್ರಾಕ್ಕೆ ಹಾಕುತ್ತಾರೆಂದು ಮೊದಲು ಸುದ್ದಿಯಿತ್ತು. ಕಾಳಿ ಹೊಳೆಯ ಮೇಲ್ಗಡೆಯ ಆ ಕಾಡಿಗೆ ಹೋದವರು ಚಳಿಜ್ವರ ಹೊತ್ತುಕೊಂಡೇ ಬರುತ್ತಾರೆಂದು ಅವ್ವ ಅನ್ನ ಬಿಟ್ಟು ಅತ್ತಿದ್ದಳು. ಆಮೇಲೆ ಅಂಕೋಲೆಯ ಆಚೆ, ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆಯ ಒಂದು ಊರಿಗೆ ಹುಕುಂ ಬಂದಾಗ ಸಂತೋಷದಿಂದ ದೇವರಿಗೆ ಕಾಯಿ ಒಡೆಸಿದಳು. ಜ್ವರ ಅಲ್ಲಿಯೇ ನನಗಾಗಿ ಕಾದು ಕುಳಿತಿತ್ತೆಂದು ಪಾಪ ಅವಳಿಗೇನು ಗೊತ್ತು.

ಅದು ಗಜನಿಯ ಊರು. ಗಜನಿ ಎಂದರೆ ಹೊಳೆಯ ಉಪ್ಪುನೀರಿನ ಮಗ್ಗುಲಲ್ಲೇ ಇರುವ ಗದ್ದೆ. ಹೊಳೆಗೂ ಗದ್ದೆಗೂ ನಡುವೆ ಉದ್ದಕ್ಕೆ ಮಣ್ಣಿನ ಕಟ್ಟೆ, ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು. ಸಮುದ್ರದ ನೀರು ಏರುವ ಭರತಿಗೆ ಬಾಗಿಲು ಮುಚ್ಚಬೇಕು, ಇಳಿತಕ್ಕೆ ತೆರೆಯಬೇಕು. ಮಳೆನೀರು ಗದ್ದೆಯ ಉಪ್ಪು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತದ ಮೊಳಕೆ ಚೆಲ್ಲುತ್ತಾರೆ. ಕಟ್ಟೆ ಕಾಯುವುದು, ಹಲಗೆ ಎತ್ತಿ ಇಳಿಸುವುದು ಅಲ್ಲಿ ಗಂಡಸರ ಕೆಲಸ. ಆ ವರ್ಷ ಊರಲ್ಲಿ ಗಂಡಸರೇ ಇರಲಿಲ್ಲ. ಉಪ್ಪು ಮಾಡಿ ಕೆಲವರು, ಕರ ಕೊಡುವುದಿಲ್ಲವೆಂದು ಹಲವರು ಜೈಲಿಗೆ ಹೋಗಿದ್ದರು. ಜಪ್ತಿಗೆ ಬಂದವರು ಎಮ್ಮೆಗಳನ್ನೂ ತಾಮ್ರದ ಹಂಡೆಗಳನ್ನೂ ಒಯ್ದಿದ್ದರು. ಉಳಿದವರು ಮುದುಕರು, ಹೆಂಗಸರು, ಗದ್ದೆಯಿಲ್ಲದ್ದರಿಂದ ಕರವೂ ಇಲ್ಲದ ದೋಣಿಯ ಜಟ್ಟಿ ಮತ್ತು ನನ್ನ ಶಾಲೆಯ ಮಕ್ಕಳು.

ಮೃಗಶಿರಾ ಮಳೆಯ ಮೊದಲ ನೆರೆಗೇ ಕಟ್ಟೆ ಎರಡು ಕಡೆ ಒಡೆಯಿತು. ಉಪ್ಪುನೀರು ಗಜನಿಗೆ ನುಗ್ಗಿ, ಮಳೆನೀರಿನ ಜೊತೆ ಸೇರಿ, ತಗ್ಗು ಇದ್ದಲ್ಲೆಲ್ಲ ನಿಂತು ಕೊಳೆಯಿತು. ಸಂಜೆಯಾದರೆ ಸೊಳ್ಳೆಗಳ ಗುಂಯ್ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಹದಿನೈದು ದಿನಗಳಲ್ಲಿ ನನ್ನ ಶಾಲೆಯ ಬೆಂಚುಗಳು ಬರಿದಾದವು. ಬಂದ ಮಕ್ಕಳೂ ಹನ್ನೊಂದು ಗಂಟೆಯ ಹೊತ್ತಿಗೆ ಹಲ್ಲು ಕಟಕಟಿಸುತ್ತ ಮೂಲೆಗೆ ಮುದುಡುತ್ತಿದ್ದರು. ನಾನು ಅಂಕೋಲೆ ಪೇಟೆಯ ಡಾಕ್ಟರರಿಗೆ ಚೀಟಿ ಬರೆದು ದೋಣಿಯ ಜಟ್ಟಿಯ ಕೈಲಿ ಕಳಿಸಿದೆ.

ಮುಂಬೈಯಲ್ಲಿ ಓದಿ ಬಂದು ಅಂಕೋಲೆಯಲ್ಲಿ ಸ್ವಂತ ದವಾಖಾನೆ ಇಟ್ಟಿದ್ದ ಆ ಡಾಕ್ಟರರ ಬಾಯಿ ಬಹಳ ಕೆಟ್ಟದ್ದು, ಕೈ ಬಹಳ ಒಳ್ಳೆಯದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಎಡಪಕ್ಕೆಯ ಕೆಳಗೆ ಬೆರಳಿಟ್ಟು ಒತ್ತಿ ನೋಡಿದರು. ಮೂವರಲ್ಲಿ ಇಬ್ಬರಿಗೆ ಅಲ್ಲಿ ಜ್ವರಕ್ಕೆ ಊದಿದ ಗುಲ್ಮದ ಗಡ್ಡೆ ಕೈಗೆ ಸಿಗುತ್ತಿತ್ತು. ಆಮೇಲೆ ಜಗಲಿಯ ಮೇಲೆ ಕುಳಿತು, ಊರವರೆದುರು ಹೇಳಿದರು: "ನೀರು ಬಂದು ಹೋದರೆ ಸೊಳ್ಳೆಗೆ ಮನೆಯಿಲ್ಲ. ಬಂದು ಕೂತರೆ ಅದಕ್ಕೆ ಅರಮನೆ. ಕಟ್ಟೆ ಕಟ್ಟುವುದು ನಿಮ್ಮ ಕೆಲಸ. ಕ್ವಿನೈನ್ ಗುಳಿಗೆ ತರಿಸುವುದು ನನ್ನ ಕೆಲಸ. ಆದರೆ ಇಷ್ಟು ಮನೆಗೆ ಮುಟ್ಟಿಸುವವರು ಯಾರು?"

ಜಟ್ಟಿ ಬಾಯಿಯ ಎಲೆಯಡಿಕೆಯ ಕವಳ ಉಗುಳಿ ಬಂದು, "ದೋಣಿ ನಂದು, ಹುಟ್ಟು ನಂದು. ಹೊಳೆ ಯಾರಪ್ಪಂದೂ ಅಲ್ಲ. ಎಲ್ಲಿಗ್ ಬೇಕು ಹೇಳಿ, ಕರ್ಕಂಡ್ ಹೋಗ್ತೆ" ಎಂದ. ಮೇಲಿನ ಕೇರಿಯ, ಎಂದರೆ ಕೊಪ್ಪದ, ಸೂಲಗಿತ್ತಿ ಹೊನ್ನಜ್ಜಿ, ಕೊರಳ ತುಂಬ ಮಣಿಸರ ಹಾಕಿಕೊಂಡು ಕಂಬಕ್ಕೆ ಒರಗಿ ಕುಳಿತಿದ್ದವಳು, "ಕೊಪ್ಪದ್ ಮನಿ ನಂಗಿರ್ಲಿ. ಅಲ್ಲಿ ಎಲ್ರನ್ನೂ ಭೂಮಿಗ್ ತಂದವ್ಳೇ ನಾನು, ನನ್ ಮಾತು ಮೀರ್ತ್ರಾ?" ಎಂದಳು. ಹೊಳೆದಂಡೆಯ ಮನೆಗಳು ಉಳಿದವು. ಎಲ್ಲರೂ ನನ್ನ ಮುಖ ನೋಡಿದರು. ಜೈಲಿಗೆ ಹೋದವರ ಮನೆಗೆ ಹೋಗಿಬರುವ ಮಾಸ್ತರನ ನೌಕರಿಗೆ ಸಂಚಕಾರವಿತ್ತು. ಶಾಲೆಯ ಮಕ್ಕಳ ಆರೋಗ್ಯದ ಕೆಲಸವೆಂದು ಮೇಲಿನವರಿಗೆ ಅರ್ಜಿ ಬರೆದು, ಉತ್ತರಕ್ಕೆ ಕಾಯದೆ ಹೊರಟೆ.

ಸೋಮವಾರ, ಗುರುವಾರ ಶಾಲೆ ಬಿಟ್ಟ ಮೇಲೆ ಜಟ್ಟಿಯ ದೋಣಿಯಲ್ಲಿ ಹೊಳೆಯುದ್ದಕ್ಕೂ ಹೋಗುತ್ತಿದ್ದೆ. ಒಂದು ಕೈಯಲ್ಲಿ ಗುಳಿಗೆಯ ಡಬ್ಬಿ, ಕಂಕುಳಲ್ಲಿ ಮೇಣಗಪ್ಪಡ ಸುತ್ತಿದ ಹೆಸರುಗಳ ವಹಿ. ತಲೆಗೊಂದು ಗುಳಿಗೆ, ಅಲ್ಲೇ ನೀರು ಕುಡಿದು ನುಂಗಬೇಕು, ನಾನು ಹೆಸರಿನ ಮುಂದೆ ಗುರುತು ಹಾಕಬೇಕು. ಮೊದಲ ಮನೆಯಲ್ಲೇ ತೊಡಕು ಬಂತು. ಅಲ್ಲಿಯ ಹೆಂಗಸರು ಕವಳ ಹಾಕುವುದಕ್ಕೆ ಯಾರ ಅಂಜಿಕೆಯೂ ಇಲ್ಲ. ಆದರೆ ಚಂಬನ್ನು ಮೇಲೆತ್ತಿ, ಕತ್ತು ಹಿಂದಕ್ಕೆ ಬಾಗಿಸಿ, ಬಾಯಿಗೆ ನೀರು ಹೊಯ್ದುಕೊಳ್ಳುವುದನ್ನು ಮಾತ್ರ ಪರ ಗಂಡಸಿನ ಎದುರು ಮಾಡುವುದಿಲ್ಲ. ಅದರಲ್ಲೂ ಗಂಡ ಮನೆಯಲ್ಲಿಲ್ಲದಾಗ ಖಂಡಿತ ಮಾಡುವುದಿಲ್ಲ. ನಾನು ಮರ್ಯಾದಸ್ಥರ ಮನೆಯ ಮಗ. ಗುಳಿಗೆ ಕೈಗಿಟ್ಟು, ಹೊಳೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಹಿಂದಿನಿಂದ "ಆಯ್ತು ಮಾಸ್ತರ್ರೆ" ಎಂದು ಕೇಳಿದ ಮೇಲೆ ತಿರುಗಿ ಗುರುತು ಹಾಕುತ್ತಿದ್ದೆ. ಹದಿನೆಂಟು ಮನೆಗಳಲ್ಲಿ ಹದಿನೆಂಟು ಸಲ ಬೆನ್ನು ತಿರುಗಿಸುತ್ತಿದ್ದೆ. ಹೊಸದಾಗಿ ಬಂದ ಮಾಸ್ತರು ಬಹಳ ಸಭ್ಯರೆಂದು ಊರಲ್ಲಿ ಹೆಸರಾಯಿತು. ನನಗೆ ಅದು ಇಷ್ಟವಾಗಿತ್ತೆಂದು ಈಗ ಒಪ್ಪಿಕೊಳ್ಳಬೇಕು.

ದೇವಮ್ಮನ ಮನೆ ಕಟ್ಟೆಯ ಕೊನೆಯಲ್ಲಿತ್ತು. ಅವಳ ಗಂಡ ಬೀರಣ್ಣ ಕಟ್ಟೆಯ ಕೆಲಸದಲ್ಲಿ ಊರಿಗೇ ಮುಂದಾಳು. ಅವನು ಜೈಲಿಗೆ ಹೋಗಿ ಆಗಲೇ ಆರು ತಿಂಗಳಾಗಿತ್ತು. ಮನೆಯಲ್ಲಿ ಅತ್ತೆ ಮತ್ತು ಒಂದನೆಯ ಇಯತ್ತೆಯಲ್ಲಿ ಓದುತ್ತಿದ್ದ ಮಗಳು ಸಾತು. ದೇವಮ್ಮ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬೇಕು. ನಗುವಾಗ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು, ಆದರೂ ನಗು ಅಂಗಳದವರೆಗೆ ಕೇಳುತ್ತಿತ್ತು.

"ಮಾಸ್ತರ್ರೆ, ಹೊಳೆ ಬದಿಗೆ ತಿರ್ಗಿ. ಅಲ್ಲಿ ಕೊಕ್ಕರೆ ಎಷ್ಟದೆ ಎಣಿಸ್ತಾ ಇರಿ, ಅಷ್ಟ್ರಲ್ಲಿ ನಾ ನುಂಗ್ತೆ" ಎನ್ನುತ್ತಿದ್ದಳು. ಮತ್ತೆ, "ಆಯ್ತು. ಎಷ್ಟಿತ್ತು ಕೊಕ್ಕರೆ?"

ಮಗಳ ಗುಳಿಗೆಯನ್ನು ಮಾತ್ರ ನನ್ನೆದುರಿಗೇ ನುಂಗಿಸುತ್ತಿದ್ದಳು. ಸಾತು ಮುಖ ಸಿಂಡರಿಸಿ ಓಡಲು ನೋಡಿದರೆ ಜಡೆ ಹಿಡಿದು ನಿಲ್ಲಿಸಿ, ಗುಳಿಗೆ ಬಾಯಿಗೆ ಹಾಕಿ, ಬೆಲ್ಲದ ಚೂರು ಕೊಡುತ್ತಿದ್ದಳು. ಒಂದು ವಾರವೂ ತಪ್ಪಿಸಲಿಲ್ಲ. ಔಷಧದ ಬೆಲೆ ಅವಳಿಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದೆಂದು ಇದನ್ನು ಬರೆದೆ.

ಕಟ್ಟೆಯ ಮಾತು ತೆಗೆದವಳೂ ಅವಳೇ. ಊರಿನ ಮುದುಕರಿಗೆ ಹೆಂಗಸರು ಕಟ್ಟೆಗೆ ಮಣ್ಣು ಹಾಕುವುದು ಸರಿಬರಲಿಲ್ಲ. ಗಂಡಸರು ಬರಲಿ, ಒಂದು ಬೆಳೆ ಹೋದರೆ ಹೋಯಿತು ಎಂದರು. ದೇವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು.

"ಒಡ್ಯೂವಾಗ ಅದು ಹೆಂಗ್ಸ್ರು ಗಂಡ್ಸ್ರು ಅಂತ ನೋಡ್ಕಂಡ್ ಒಡೀತಾ? ಹಂಗಾರೆ ಕಟ್ಟೂಕೆ ಎಂತಕ್ಕೆ ನೋಡೂದು? ಅವ್ರು ಬಂದಾಗ ಗಜ್ನಿ ಹಸ್ರಾಗಿರ್ಬೇಕು. ಕೊಳೆನೀರು ತೋರ್ಸಿ, ಬನ್ನಿ ಕೂತ್ಕಳಿ ಅನ್ನೂಕೆ ನಂಗಾಗೂದಿಲ್ಲ."

ಆಷಾಢದ ಅಷ್ಟಮಿಗೆ, ಭರತಿಯ ಜೋರು ಕಡಿಮೆಯಿರುವ ದಿನ ನೋಡಿ, ಮೊದಲನೆಯ ಒಡಕು ಕಟ್ಟಿದರು. ಹೊಳೆದಂಡೆಯವರು, ಕೊಪ್ಪದವರು, ಜಟ್ಟಿಯ ಕೇರಿಯ ಹೆಂಗಸರು ಎಲ್ಲ ಒಂದೇ ಸಾಲಿನಲ್ಲಿ ನಿಂತು ಹೆಡಿಗೆಯ ಮಣ್ಣು ಕೈಯಿಂದ ಕೈಗೆ ದಾಟಿಸಿದರು. ಒಬ್ಬರ ಅಂಗಳಕ್ಕೆ ಒಬ್ಬರು ಕಾಲಿಡದವರು ಆ ದಿನ ಒಬ್ಬರ ಹೆಡಿಗೆಯನ್ನು ಒಬ್ಬರು ಮುಟ್ಟಿದರು. ನಾನೂ ಜಟ್ಟಿಯೂ ಗೂಟ ಹೊಡೆದೆವು. ನಿಂತ ನೀರಿನ ಹೊಂಡಗಳಿಗೆ ಡಾಕ್ಟರರು ಕಳಿಸಿದ ಚಿಮಣಿ ಎಣ್ಣೆ ಚಿಮುಕಿಸಿದೆವು. ಎರಡನೆಯ ಒಡಕು ದೊಡ್ಡದು, ಮಳೆ ಇಳಿದ ಮೇಲೆ ಕಟ್ಟುವುದೆಂದು ಬಿಟ್ಟರು. ತಡವಾದರೂ ಅರ್ಧ ಗಜನಿಗೆ ಮೊಳಕೆ ಬಿತ್ತು. ಜ್ವರ ಇಳಿಯಿತು. ಶಾಲೆಯಲ್ಲಿ ಮಗ್ಗಿಯ ಗಲಾಟೆ ಮತ್ತೆ ಕೇಳತೊಡಗಿತು.

ಶ್ರಾವಣದ ಮೊದಲ ವಾರ ಊರಿಗೆ ಒಬ್ಬ ಬಿಡುಗಡೆಯಾಗಿ ಬಂದ. ಹೊತ್ತು ತಂದರು ಎನ್ನಬೇಕು. ಎಲುಬು ಚರ್ಮವಾಗಿ, ಕಣ್ಣು ಅರಿಶಿನವಾಗಿ, ಕಂಬಳಿಯ ಒಳಗೆ ನಡುಗುತ್ತಿದ್ದ. ಜೈಲಲ್ಲಿ ಎಲ್ಲರಿಗೂ ಇದೇ ಜ್ವರ, ಅಲ್ಲಿ ಔಷಧವಿಲ್ಲ ಎಂದು ಹೇಳಿದ. ಡಾಕ್ಟರರು ವಾರವಿಡೀ ಕ್ವಿನೈನ್ ಕೊಟ್ಟರು. ಎಂಟನೆಯ ದಿನ ಅವನು ಎದ್ದು ಗಂಜಿ ಉಂಡ. ಊರಿನ ಹೆಂಗಸರೆಲ್ಲ ಹೋಗಿ ಅವನನ್ನು ನೋಡಿಬಂದರು. ದೇವಮ್ಮನೂ ಹೋಗಿದ್ದಳು. ಆ ಸೋಮವಾರ ಅವಳು ಕೊಕ್ಕರೆಯ ಮಾತು ಎತ್ತಲಿಲ್ಲ. ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, "ಮಾಸ್ತರ್ರೆ, ಇದು ಎಷ್ಟ್ ದಿನ ಇಟ್ರೂ ಕೆಡೂದಿಲ್ವಾ?" ಎಂದು ಕೇಳಿದಳು. ತೇವ ತಾಗದಿದ್ದರೆ ಕೆಡುವುದಿಲ್ಲ ಎಂದೆ. ಹೇಳಿ ಹೊಳೆಯ ಕಡೆ ತಿರುಗಿ ನಿಂತೆ. ಸ್ವಲ್ಪ ಹೊತ್ತಿಗೆ "ಆಯ್ತು" ಎಂದಳು.

ಆ ಕಡೆಯ ಮನೆಗಳಲ್ಲಿ ಒಂದು ಕ್ರಮವಿತ್ತು. ಗಜನಿಗೆ ಹೋದ ಗಂಡಸು ತಡವಾಗಿ ಬರುತ್ತಾನೆಂದು ಅವನ ಪಾಲು ಮೊದಲು ತೆಗೆದಿಟ್ಟು ಆಮೇಲೆ ಹೆಂಗಸರು ಉಣ್ಣುವುದು. ಜೈಲಿಗೆ ಹೋದ ಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ. ಅನ್ನ ಇಡುವಂತಿಲ್ಲವೆಂದು ಕೆಡದೆ ಉಳಿಯುವುದನ್ನು ಇಡುತ್ತಿದ್ದರು. ಒಣಮೀನಿನ ದೊಡ್ಡ ಹೋಳು, ಹಳೆಯ ಬೆಲ್ಲ, ಮಿಡಿ ಉಪ್ಪಿನಕಾಯಿ. ಇದೆಲ್ಲ ನನಗೆ ಗೊತ್ತಿತ್ತು. ದೇವಮ್ಮನ ಅತ್ತೆಯೇ ಒಮ್ಮೆ ಭರಣಿ ಬಿಚ್ಚಿ ತೋರಿಸಿದ್ದಳು. ಗೊತ್ತಿದ್ದೂ ನನ್ನ ತಲೆಗೆ ಹೊಳೆಯಲಿಲ್ಲ.

ಚೌತಿಯ ಹೊತ್ತಿಗೆ ಹೊಳೆದಂಡೆಯಲ್ಲಿ ಜ್ವರ ಮತ್ತೆ ಎದ್ದಿತು. ಕೊಪ್ಪದಲ್ಲಿ ಏಳಲಿಲ್ಲ. ಡಾಕ್ಟರರು ನನ್ನ ವಹಿ ತರಿಸಿಕೊಂಡು ಹಾಳೆ ತಿರುಗಿಸಿದರು. ಗುರುತುಗಳು ಮುತ್ತು ಪೋಣಿಸಿದ ಹಾಗಿದ್ದವು, ಒಂದೂ ತಪ್ಪಿರಲಿಲ್ಲ.

"ಹೊನ್ನಜ್ಜಿಗೆ ಅಕ್ಷರ ಬರುವುದಿಲ್ಲ, ಅವಳ ಕೊಪ್ಪದಲ್ಲಿ ಜ್ವರವಿಲ್ಲ. ನಿನ್ನ ವಹಿಯಲ್ಲಿ ಜ್ವರವಿಲ್ಲ ಮಾಸ್ತರ, ಮನೆಗಳಲ್ಲಿದೆ. ಅವರು ನುಂಗಿದ್ದು ನೀನು ನೋಡಿದ್ದೀಯಾ?"

"ಕೈಗೆ ಕೊಟ್ಟಿದ್ದೇನೆ. ಆಯ್ತು ಎಂದಿದ್ದಾರೆ."

"ನಾನು ಕೇಳಿದ್ದು ಅದಲ್ಲ."

ನನಗೆ ಅವಮಾನವಾಯಿತು. ಹೆಂಗಸರ ಗಂಟಲು ನೋಡುತ್ತ ನಿಲ್ಲುವವನು ನಾನಲ್ಲ ಎಂದುಬಿಟ್ಟೆ. ಮನಸ್ಸಿನಲ್ಲಿ ಬೇರೊಂದಿತ್ತು. ನೋಡಬೇಕೆಂದು ಕೇಳಿದರೆ ಜನ ಏನೆಂದಾರು, ಇಷ್ಟು ದಿನ ಗಳಿಸಿದ ಹೆಸರು ಏನಾದೀತು ಎಂಬ ಭಯ. ಡಾಕ್ಟರರು ವಹಿ ಮುಚ್ಚಿ ಕೊಟ್ಟರು. ಗುರುವಾರ ನಾನು ಮೊದಲಿನಂತೆಯೇ ಬೆನ್ನು ತಿರುಗಿಸಿ ನಿಂತೆ. ಮುಂದಿನ ಸೋಮವಾರವೂ ನಿಂತೆ.

ದೇವಮ್ಮನಿಗೆ ಆ ಹೊತ್ತಿಗೆ ಎರಡು ಸಲ ಜ್ವರ ಬಂದು ಹೋಗಿತ್ತು. ಕೆನ್ನೆ ಒಳಕ್ಕೆ ಹೋಗಿತ್ತು. ಆದರೂ ಎರಡನೆಯ ಒಡಕು ಕಟ್ಟುವ ದಿನವನ್ನು ಅವಳೇ ಗೊತ್ತುಮಾಡಿದ್ದಳು. ಚೌತಿ ಕಳೆದ ಮೇಲಿನ ಎರಡನೆಯ ಅಷ್ಟಮಿ. ಮನೆಮನೆಗೆ ಹೋಗಿ ಹೆಡಿಗೆ ಎಣಿಸಿ ಬಂದಿದ್ದಳು. ಅಷ್ಟಮಿಗೆ ನಾಲ್ಕು ದಿನವಿರುವಾಗ ಬೆಳಿಗ್ಗೆ ಸಾತು ಶಾಲೆಗೆ ಓಡಿ ಬಂದು, ಅವ್ವಿಗೆ ಮಾತೇ ಬತ್ತಿಲ್ಲ ಎಂದಳು. ನಾನು ಶಾಲೆ ಬಿಟ್ಟು ಹೋದೆ. ದೇವಮ್ಮ ಒಳಗೋಣೆಯಲ್ಲಿ ಒಲೆಯ ಪಕ್ಕ ಚಾಪೆಯ ಮೇಲೆ ಮಲಗಿದ್ದಳು. ಮೈ ಮುಟ್ಟಲಾಗದಷ್ಟು ಬಿಸಿ. ಕಣ್ಣುಗಳು ತೆರೆದೇ ಇದ್ದವು, ಯಾರನ್ನೂ ನೋಡುತ್ತಿರಲಿಲ್ಲ. ಹೊನ್ನಜ್ಜಿ ಆಗಲೇ ಬಂದು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಜಟ್ಟಿ ಡಾಕ್ಟರರನ್ನು ಕರೆತರಲು ಹೋಗಿದ್ದ. ಅವರು ಮಧ್ಯಾಹ್ನಕ್ಕೆ ಬಂದರು, ಸೂಜಿಮದ್ದು ಕೊಟ್ಟರು. ಪೆಟ್ಟಿಗೆಯಿಂದ ಗುಳಿಗೆ ತೆಗೆದು ಚಮಚದಲ್ಲಿ ಅರೆಯುತ್ತ, ಹಿಂದಿನ ಗುಳಿಗೆ ಯಾವಾಗ ತೆಗೆದುಕೊಂಡಳೆಂದು ಅತ್ತೆಯನ್ನು ಕೇಳಿದರು.

"ಅವ್ಳು ತಕಂಡಿದ್ದೇ ಇಲ್ವಲ್ಲ ಡಾಕ್ಟ್ರೆ" ಎಂದಳು ಮುದುಕಿ. ಅದರಲ್ಲಿ ಮುಚ್ಚಿಡುವಂಥದ್ದೇನಿದೆ ಎಂಬಂತಿತ್ತು ಅವಳ ದನಿ. "ಶ್ರಾವಣದಿಂದ ಎಲ್ಲಾ ಮಗನ ಪಾಲಿಗೆ ಇಟ್ಟಾಳೆ. ಅಂವ ಜ್ವರ ಹೊತ್ಕಂಡೇ ಬಪ್ಪದಲ್ಲಾ? ಬಂದಾಗ ಬೇಕಲ್ಲಾ?" ಒಲೆಯ ಮೇಲಿನ ಅಟ್ಟದ ಕಡೆ ಕೈ ತೋರಿಸಿದಳು.

ಬೀಜದ ಭತ್ತ, ಒಣಮೀನು ತೇವವಾಗದಂತೆ ಹೊಗೆಯ ಬಿಸಿಗೆ ಕಟ್ಟಿಡುವ ಜಾಗ ಅದು. ಡಾಕ್ಟರರು ಕೈಚಾಚಿ ಒಂದು ತೆಂಗಿನ ಕರಟ ತೆಗೆದರು. ಮೇಲೆ ಬಾಳೆಯ ಒಣಎಲೆ ಮುಚ್ಚಿ ನಾರಿನಿಂದ ಬಿಗಿದಿತ್ತು. ಒಳಗೆ ಗುಳಿಗೆಗಳು, ನಾನು ಕೊಟ್ಟ ದಿನ ಇದ್ದ ಹಾಗೆಯೇ ಇದ್ದವು. ಡಾಕ್ಟರರು ಅದನ್ನು ನನ್ನ ಮುಂದೆ ಹಿಡಿದರು. ನಾನು ಎಣಿಸಲಿಲ್ಲ. ಲೆಕ್ಕ ನನ್ನ ವಹಿಯಲ್ಲೇ ಇತ್ತು.

ಅರೆದ ಮದ್ದಿನ ಚಮಚ ತುಟಿಗೆ ಹಿಡಿದಾಗ ದೇವಮ್ಮ ಹಲ್ಲು ಕಚ್ಚಿದಳು. ಯಾರ ಗುರುತೂ ಸಿಗದಿದ್ದ ಕಣ್ಣಿಗೆ ಡಾಕ್ಟರರ ಕೈಯಲ್ಲಿದ್ದ ಕರಟ ಮಾತ್ರ ಕಂಡಿತು. "ಬ್ಯಾಡ... ಅದು ಅವ್ರ ಪಾಲು" ಎಂದಳು. ಡಾಕ್ಟರರು ಗದರಿದರೂ ಬಾಯಿ ಬಿಡಲಿಲ್ಲ. ಹೊನ್ನಜ್ಜಿ ಕರಟವನ್ನು ಅವರ ಕೈಯಿಂದ ಇಸಿದುಕೊಂಡು ಎದ್ದಳು. ಎಲೆ ಮುಚ್ಚಿ, ನಾರು ಬಿಗಿದು, ದೇವಮ್ಮನ ಕಣ್ಣೆದುರೇ ಅದನ್ನು ಅಟ್ಟದ ಮೇಲೆ ಇದ್ದಲ್ಲೇ ಇಟ್ಟಳು.

"ನೋಡು ಮಗಾ, ಅಲ್ಲೇ ಇಟ್ಟೆ. ಒಂದೂ ತೆಗೀಲಿಲ್ಲ. ಇದು ಡಾಕ್ಟ್ರ ಪೆಟ್ಗೆದು. ಇದು ನಿನ್ ಪಾಲು. ಬಾಯಿ ತೆಗಿ ನನ್ನವ್ವಾ."

ದೇವಮ್ಮ ಬಾಯಿ ತೆರೆದಳು. ನಾನು ಅಭ್ಯಾಸದಂತೆ ಗೋಡೆಯ ಕಡೆ ತಿರುಗಿದ್ದೆ. ಡಾಕ್ಟರರು ಕೂಗಲಿಲ್ಲ, ಮೆತ್ತಗೆ ಹೇಳಿದರು: "ಇತ್ತ ತಿರುಗು ಮಾಸ್ತರ. ಈಗಲಾದರೂ ನೋಡು."

ತಿರುಗಿದೆ. ಅವಳ ಗಂಟಲು ಒಮ್ಮೆ ಮೇಲೆ ಕೆಳಗೆ ಆಯಿತು. ಆ ಮನೆಯಲ್ಲಿ ಅವಳು ಔಷಧ ನುಂಗಿದ್ದನ್ನು ನಾನು ನೋಡಿದ್ದು ಅದೊಂದು ಸಲ. ಮರುದಿನ ಮಧ್ಯಾಹ್ನ, ಹೊಳೆಯಲ್ಲಿ ನೀರು ಇಳಿಯುವ ಹೊತ್ತಿಗೆ ತೀರಿಕೊಂಡಳು.

ನನ್ನ ಮರ್ಯಾದೆಯೇ ಅವಳನ್ನು ಕೊಂದಿತು ಎಂದು ಬರೆದರೆ ಅತಿಯಾದೀತು. ಕಟ್ಟೆ ಒಡೆದದ್ದು, ಗಂಡಸರಿಲ್ಲದ್ದು, ನೀರು ಕೊಳೆತದ್ದು ಎಲ್ಲ ಸೇರಿ ಕೊಂದವು. ಆದರೆ ಅವಳಿಗೂ ಸಾವಿಗೂ ನಡುವೆ ಒಬ್ಬನನ್ನು ಕಾವಲು ನಿಲ್ಲಿಸಿದ್ದರು. ಅವನು ಹೊಳೆಯ ಕಡೆ ಮುಖಮಾಡಿ ಕೊಕ್ಕರೆ ಎಣಿಸುತ್ತಿದ್ದ. ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ.

ಹೊನ್ನಜ್ಜಿ ಅತ್ತುಕೊಂಡು ಕೂರುವವಳಲ್ಲ. ಮರುದಿನವೇ ಹೊಳೆದಂಡೆಯ ಒಂದೊಂದೇ ಮನೆಗೆ ಹೋಗಿ ಅಟ್ಟದ ಕಡೆ ಕೈ ತೋರಿಸಿ ನಿಂತಳು. ಆಮೇಲೆ ಒಬ್ಬಳು ಬಿದಿರಿನ ಕೊಳವೆ ತಂದಳು, ಇನ್ನೊಬ್ಬಳು ಸೆರಗಿನ ತುದಿ ಬಿಚ್ಚಿದಳು, ಮತ್ತೊಬ್ಬಳು ದೇವರ ಮುಂದಿನ ಬುಟ್ಟಿಯಿಂದ ತೆಗೆದಳು. ಹದಿನೆಂಟು ಮನೆಗಳಲ್ಲಿ ಹನ್ನೊಂದು ಮನೆಯವರು ತಮ್ಮ ಜ್ವರವನ್ನು ತಾವೇ ಇಟ್ಟುಕೊಂಡು ಔಷಧವನ್ನು ಗಂಡಂದಿರಿಗೆ ಎತ್ತಿಟ್ಟಿದ್ದರು.

ಅಷ್ಟಮಿಯ ದಿನ ಬೆಳಿಗ್ಗೆ ಎಲ್ಲರೂ ಹೆಡಿಗೆ ಹಿಡಿದು ಕಟ್ಟೆಗೆ ಬಂದರು. ದೇವಮ್ಮ ಗೊತ್ತುಮಾಡಿದ ದಿನವನ್ನು ಮುಂದೆ ಹಾಕೋಣವೇ ಎಂದು ನಾನು ಕೇಳಿದೆ. ಹೊನ್ನಜ್ಜಿ ನೀರಿನ ಕೊಡ ನೆಲಕ್ಕಿಟ್ಟು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಗುಳಿಗೆಯ ಡಬ್ಬಿ ನನ್ನ ಕೈಯಲ್ಲಿತ್ತು. ನಾನು ಒಬ್ಬೊಬ್ಬರ ಅಂಗೈಗೆ ಗುಳಿಗೆ ಇಟ್ಟು ಮುಗಿಸಿ, ಏನು ಮಾಡಬೇಕೆಂದು ತಿಳಿಯದೆ ನೆಲ ನೋಡುತ್ತ ನಿಂತೆ. ಸಾಲಿನ ಮೊದಲಲ್ಲಿದ್ದವಳು ವಯಸ್ಸಾದ ಹೆಂಗಸು, ಜೈಲಿನಲ್ಲಿ ಗಂಡನೂ ಇಬ್ಬರು ಮಕ್ಕಳೂ ಇದ್ದವಳು. ಅವಳೇ ಹೇಳಿದಳು:

"ಮಾಸ್ತರ್ರೆ, ಇತ್ಲಾಗೆ ನೋಡಿ. ನಾಚ್ಕೆ ನಮ್ದು, ನಾವು ನೋಡ್ಕಳ್ತೇವು. ನೀವು ನೋಡಿ."

ಚಂಬನ್ನು ಎತ್ತಿ, ಕತ್ತು ಹಿಂದಕ್ಕೆ ಬಾಗಿಸಿ ನುಂಗಿದಳು. ಪಕ್ಕದವಳು ಅವಳ ಬಾಯಿ ತೆರೆಸಿ ನೋಡಿ, ತಾನೂ ನುಂಗಿದಳು. ಹಾಗೆ ಸಾಲು ಮುಗಿಯುವವರೆಗೆ ನಾನು ನೋಡುತ್ತ ನಿಂತೆ. ಆಮೇಲೆ ಮಣ್ಣು ಹೊರಲು ಇಳಿದರು. ಸಂಜೆಯ ಭರತಿ ಬರುವ ಮೊದಲು ಎರಡನೆಯ ಒಡಕು ಮುಚ್ಚಿತು. ದೀಪಾವಳಿಯ ಹೊತ್ತಿಗೆ ಹೊಳೆದಂಡೆಯಲ್ಲಿ ಹೊಸ ಜ್ವರ ಇರಲಿಲ್ಲ.

ಬೀರಣ್ಣ ಬಂದದ್ದು ಕೊಯ್ಲಿನ ಸಮಯಕ್ಕೆ. ಹೆಂಡತಿಯ ಸುದ್ದಿ ಅವನಿಗೆ ಜೈಲಿನಲ್ಲೇ ತಿಳಿದಿತ್ತು. ನಾನು ಹೋದಾಗ ಮೆಟ್ಟಿಲ ಮೇಲೆ ಕುಳಿತು ಕಟ್ಟೆಯ ಕಡೆ ನೋಡುತ್ತಿದ್ದ. ಬಡವಾಗಿದ್ದ, ಆದರೆ ಅವನಿಗೆ ಜ್ವರವಿರಲಿಲ್ಲ. ಇಡೀ ಜೈಲುವಾಸದಲ್ಲಿ ಒಂದು ದಿನವೂ ಬಂದಿರಲಿಲ್ಲವಂತೆ. ತಾಯಿ ಒಳಗಿನಿಂದ ಒಣಮೀನು ತಂದಿಟ್ಟಳು, ಬೆಲ್ಲ ತಂದಿಟ್ಟಳು, ಕೊನೆಗೆ ಕರಟ ತಂದಿಟ್ಟಳು. ಹೊನ್ನಜ್ಜಿ ಇಟ್ಟ ಜಾಗದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಔಷಧಕ್ಕೆ ಪರದಾಡುತ್ತಿದ್ದ ಡಾಕ್ಟರರು ಕೂಡ ಅದು ಅವನದು, ಇರಲಿ ಎಂದಿದ್ದರು.

ಬೀರಣ್ಣ ನಾರು ಬಿಚ್ಚಿದ. ಒಂದು ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡು, ನೀರಿಲ್ಲದೆ ಅಗಿದ. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ.

"ನಿಂಗೆ ಜ್ವರ ಇಲ್ವಲ್ಲೋ ಮಗಾ" ಎಂದಳು ತಾಯಿ.

"ಇಲ್ಲ ಅವ್ವಿ." ಇನ್ನೊಂದಕ್ಕೆ ಕೈ ಹಾಕಿದ.

"ಬೀರಣ್ಣಾ, ಒಂದೇ ದಿನ ಅಷ್ಟು ತಿನ್ನಬಾರದು" ಎಂದೆ.

"ಎಷ್ಟು ತಿನ್ಲಕ್ಕು?"

"ಒಂದು. ಸೋಮವಾರ ಒಂದು, ಗುರುವಾರ ಒಂದು."

"ಹಂಗಾರೆ ಹಂಗೇ. ನೀವು ಬನ್ನಿ ಮಾಸ್ತರ್ರೆ, ಬಂದು ನೋಡಿ. ಒಂದೂ ಬಿಡೂದಿಲ್ಲ."

ನಾನು ಹೋದೆ. ಕೊಯ್ಲು ಮುಗಿದು, ತುಳಸಿ ಹಬ್ಬ ಕಳೆದು, ಕಟ್ಟೆಯ ಮೇಲೆ ಹುಲ್ಲು ಬೇರು ಬಿಡುವವರೆಗೂ ಸೋಮವಾರ ಗುರುವಾರ ಹೋದೆ. ಅವನು ಮೆಟ್ಟಿಲ ಮೇಲೆ ನನ್ನೆದುರು ಕುಳಿತು ಗುಳಿಗೆ ಅಗಿಯುತ್ತಿದ್ದ. ಸಾತು ಅವನ ತೊಡೆಗೆ ಒರಗಿ ಅವನ ಬಾಯಿಯನ್ನೇ ನೋಡುತ್ತಿದ್ದಳು. ಜ್ವರವಿಲ್ಲದವನಿಗೆ ಔಷಧ ಯಾಕೆಂದು ನಾನು ಕೇಳಲಿಲ್ಲ, ಡಾಕ್ಟರರಿಗೂ ಹೇಳಲಿಲ್ಲ. ಹೊಳೆಯ ಕಡೆ ಮುಖ ಮಾತ್ರ ತಿರುಗಿಸಲಿಲ್ಲ.

ಕೊನೆಯ ದಿನ ಅವನು ಕರಟವನ್ನು ಅಂಗೈಯ ಮೇಲೆ ಬೋರಲು ಹಾಕಿ ತಟ್ಟಿದ. ಬಿಳಿಯ ಪುಡಿ ಸ್ವಲ್ಪ ಉದುರಿತು. ಅದನ್ನೂ ನೆಕ್ಕಿದ. ಕರಟವನ್ನು ಮೆಟ್ಟಿಲ ಮೇಲಿಟ್ಟು, ನನ್ನ ಮುಖ ನೋಡಿ, "ಆಯ್ತು ಮಾಸ್ತರ್ರೆ" ಎಂದ.

ಆ ಮನೆಯ ಅಂಗಳದಲ್ಲಿ ನಿಂತು ಆ ಮಾತನ್ನು ನಾನು ಎಷ್ಟೋ ಸಲ ಕೇಳಿ ಗುರುತು ಹಾಕಿದ್ದೆ. ಅಂದು ಗುರುತು ಹಾಕಲು ವಹಿ ತೆಗೆಯಲಿಲ್ಲ. ನಾನು ನೋಡಿದ್ದೆ.